ಗೀರು ಸರಿದ ನಟ್ಟು

ಹೇಳಿಬಿಡಬೇಕಿತ್ತೇ? ನಿನ್ನೆ ಮಧ್ಯಾಹ್ನವೇ ನಟ್ಟು ಸಡಿಲವಾಯಿತು ಎಂದಿದ್ದರೆ ಇಷ್ಟು ಹೊತ್ತಿಗೆ ಕೆಲಸ ಮುಗಿದಿರುತ್ತಿತ್ತು. ಮುಗಿದಿದ್ದರೆ ಕುಂದಾ ಟ್ರಂಕು ತುಂಬುತ್ತಿದ್ದಳು. ಅದನ್ನು ನೋಡುವ ಧೈರ್ಯವಿಲ್ಲದೆ, ಬಿಚ್ಚಿದ ನಟ್ಟನ್ನು ಮತ್ತೆ ಬಿಗಿದವನನ್ನು ಏನೆಂದು ಕರೆಯಬೇಕು?

ಅವಧೂತ ಗೋಣಿತಟ್ಟಿನ ಮೇಲೆ ಅಂಗಾತ ಮಲಗಿದ್ದ. ಮೇಲೆ ಮಾರ್ತಾಂಡರಾಯರ ಸಣ್ಣ ಮೋಟಾರು ಲಾರಿ. ಯುದ್ಧ ಮುಗಿದ ಮೇಲೆ ಬೆಳಗಾವಿ ಕ್ಯಾಂಪಿನ ಲಿಲಾವಿನಲ್ಲಿ ಸವಾಲು ಕೂಗಿ ಕೊಂಡದ್ದು. ಹೋದ ವರ್ಷ ಗುಂಜಿಯ ಕಾಡುದಾರಿಯಲ್ಲಿ ದಿಬ್ಬಕ್ಕೆ ಗುದ್ದಿ ಸ್ಟೇರಿಂಗಿನ ದಂಡ ಬಾಗಿತು. ಆಮೇಲೆ ಇಡೀ ಮಳೆಗಾಲ ಗಾಡಿ ಖಾನಾಪುರದ ಈ ಬಿದಿರು ಡಿಪೋದ ಅಂಗಳದಲ್ಲಿ ನೆನೆಯಿತು. ಸ್ಟೇರಿಂಗ್ ಚಕ್ರದಿಂದ ಇಳಿದು ಬರುವ ಆ ದಂಡದ ಕೆಳತುದಿ ಒಂದು ಗಿಡ್ಡ ತೋಳಿನ ತೂತಿನೊಳಗೆ ಹೊಕ್ಕು, ನಟ್ಟು ಬಿಗಿಸಿಕೊಂಡು, ತುಕ್ಕು ಹಿಡಿದು ಒಂದೇ ಕಬ್ಬಿಣದಂತೆ ಕೂತಿತ್ತು. ಅದನ್ನು ಬಿಡಿಸಿ, ಬೆಳಗಾವಿಗೆ ಒಯ್ದು ನೆಟ್ಟಗೆ ಮಾಡಿಸಿ ತಂದರೆ ಗಾಡಿ ಓಡುತ್ತದೆ.

ಗಾಡಿ ಓಡಿದರೆ ಕುಂದಾ ಹೋಗುತ್ತಾಳೆ.

ಅವಳ ತಂದೆ ಮಾರ್ತಾಂಡರಾಯರು ಸೋಮವಾರವೇ ಹೇಳಿದ್ದರು. "ಮಳಿ ಹಿಡಿಯೂದ್ರಾಗ ಗುಂಜಿ ಬಿದಿರು ಇಲ್ಲಿ ಬಂದು ಬೀಳಬೇಕು. ಅಲ್ಲೀತನಕ ನಾ ಡಿಪೋ ಬಿಟ್ಟು ಕದಲಂಗಿಲ್ಲ. ಮಗಳು ಬರೂ ಸೋಮವಾರ ಪುಣೆದಾಗ ಎರಡು ವರ್ಷದ ಟ್ರೇನಿಂಗ್ ಸಾಲಿಗೆ ಹಾಜರಾಗಬೇಕು, ಇಲ್ಲಂದ್ರ ಆ ಜಾಗಾ ಬ್ಯಾರೆಯವರಿಗೆ. ಒಬ್ಬಾಕಿನ್ನ ಹೆಂಗ ಕಳಸ್ಲಿ? ಶನಿವಾರ ಗಾಡಿ ಓಡಿದ್ರ ಆಕಿ ಹೋಗ್ತಾಳ, ಇಲ್ಲಂದ್ರ ಇಲ್ಲ."

ಇವತ್ತು ಗುರುವಾರ.

ಗಾಲಿಯ ಪಕ್ಕದಲ್ಲಿ ಎರಡು ಪಾದಗಳು ಬಂದು ನಿಂತವು. ಸೀರೆಯ ಅಂಚಿನಲ್ಲಿ ಕೆಂಪು ಮಣ್ಣು. ಮೂರು ದಿನದಿಂದ ಅವನು ಆ ಪಾದಗಳನ್ನೇ ಹೆಚ್ಚು ನೋಡಿದ್ದ. ಬೇಸರವಾದರೆ ಎಡಗಾಲಿನ ಹೆಬ್ಬೆರಳು ಮಣ್ಣು ಕೆದಕುತ್ತದೆಂಬುದೂ ಅವನಿಗೆ ಗೊತ್ತಾಗಿತ್ತು.

"ಬಿ.ಎ. ಮಿಸ್ತ್ರಿ, ಚಿಮಣಿ ಎಣ್ಣಿ ತಂದೀನ್ರಿ. ಮೂರು ಬಾಟ್ಲಿ ಆತು. ಖರೇನ ನಟ್ಟಿನ ಜಂಗು ಕುಡೀತದೋ, ನೀವ ಕುಡೀತೀರೋ?"

"ಜಂಗು ಭಾಳ ಹಠಮಾರಿ ಅದ್ರಿ."

"ಮಿಸ್ತ್ರೀನೂ ಅಷ್ಟ. ಕೇಳಿದ್ದಕ್ಕ ಅರ್ಧಾನ ಉತ್ತರ."

ಹಸಿರು ಬಳೆಯ ಕೈ ಒಳಗೆ ಬಂತು. ನಟ್ಟಿನ ಮೇಲೆ ಎಣ್ಣೆ ಬಿಡಲು ಬಾಟಲಿ ಬಾಗಿತು; ಹಾಗೆಯೇ ನಿಂತಿತು.

"ಗೀರು ಸರದದ," ಎಂದಳು ಕುಂದಾ.

ಅವಧೂತ ನಟ್ಟಿನ ಕಡೆ ಕತ್ತು ತಿರುಗಿಸಿದ. ಬಿ.ಎ. ಮುಗಿಸಿ ಹಿಡಿದ ಕಚೇರಿ ಕೆಲಸ ಬಿಟ್ಟು ಕ್ಯಾಂಪಿನ ಗ್ಯಾರೇಜಿಗೆ ಬಂದ ದಿನವೇ ಉಸ್ತಾದ ದಸ್ತಗೀರಸಾಬ ಅವನಿಗೆ ಹೇಳಿದ್ದ: ಬಿಚ್ಚುವ ಮೊದಲು ಗುರುತು ಹೊಡಿ. ದಂಡದ ತುದಿ, ನಟ್ಟು, ತೋಳು, ಮೂರರ ಮೇಲೂ ಉಳಿಯಿಂದ ಒಂದೇ ಗೀರು. ಆಗ ಮತ್ತೆ ಕೂಡಿಸುವಾಗ ಇದ್ದಲ್ಲೇ ಬರುತ್ತದೆ. ಸೋಮವಾರ ಗೀರು ಹೊಡೆಯುವಾಗ ಕುಂದಾ ಪಕ್ಕದಲ್ಲಿದ್ದಳು. ಅದೇಕೆಂದು ಕೇಳಿ ತಿಳಿದುಕೊಂಡಿದ್ದಳು.

"ದಂಡದ್ದು, ತೋಳಿಂದು ಅಲ್ಲೇ ಅದ," ಎಂದಳು. "ನಟ್ಟಿಂದು ಎಳ್ಳಿನಷ್ಟು ಮುಂದ ಹೋಗೇದ."

ತುಕ್ಕು ಬಿಟ್ಟ ನಟ್ಟು ಮೊದಲಿಗಿಂತ ಎಳ್ಳಿನಷ್ಟು ಹೆಚ್ಚೇ ಬಿಗಿದಿತ್ತು. ಅವನು ಅದನ್ನು ನೋಡಿರಲಿಲ್ಲ.

ಅವಳು ನೆಲಕ್ಕೆ ಕೈಯೂರಿ ಬಾಗಿದಳು. ಹೆರಳು ಜಾರಿ ಮಣ್ಣಿಗೆ ಬಿತ್ತು. ಗಲ್ಲದ ಮೇಲೆ ತುಕ್ಕಿನ ಒಂದು ಗೆರೆ. ಇಷ್ಟು ಹತ್ತಿರದಿಂದ ಅವಳ ಮುಖವನ್ನು ಅವನು ನೋಡಿದ್ದು ಇದೇ ಮೊದಲು. ಅಲ್ಲಿ ನಗು ಇರಲಿಲ್ಲ.

"ಯಾವಾಗ ಬಿಡ್ತು?"

"ನಿನ್ನೆ."

"ಮತ್ತ ಯಾಕ ಬಿಗಿದ್ರಿ?"

ಅವನು ನಟ್ಟಿನ ಎಣ್ಣೆಯನ್ನು ಬೆರಳಿನಿಂದ ಒರೆಸಿದ.

"ನನ್ನ ಜಾಗಾ ಹೋಗ್ತದಂತ ನಿಮಗ ಗೊತ್ತಿತ್ತಲ್ರಿ?"

"ಗೊತ್ತಿತ್ತು."

ಡಿಪೋದ ಮಾಡಿನ ಕೆಳಗಿನಿಂದ ಮಾರ್ತಾಂಡರಾಯರ ದನಿ ಬಂತು. "ಏನಾತಪಾ ಅವಧೂತಾ? ಬಿಡ್ತೋ ಇಲ್ಲೋ?"

ಅವನು ಬಾಯಿ ತೆರೆದ. ಕುಂದಾ ಕೈಯೆತ್ತಿ ತಡೆದಳು. ದನಿ ತಗ್ಗಿಸಿದಳು.

"ಜಂಗು ಬಿಡವಲ್ತು ಅಂತ ನಾನ ಅಪ್ಪಗ ಹೇಳ್ತೀನಿ. ನನ್ನ ಮಾತು ನಂಬ್ತಾನ. ಆದ್ರ ಯಾಕ ಬಿಗಿದ್ರಿ ಅನ್ನೂದು ನಿಮ್ಮ ಬಾಯಿಂದ ಬರಬೇಕು. ಒಂದ ಮಾತು."

ಎಣ್ಣೆ ತೊಟ್ಟಿಕ್ಕುತ್ತಿತ್ತು. ಹೇಳಿದರೆ ಅವಳು ಉಳಿಯುತ್ತಾಳೆ. ಉಳಿದು, ಎಂದೋ ಒಂದು ದಿನ ಒಲೆಯ ಮುಂದೆ ಕೂತು, ಎಳ್ಳಿನಷ್ಟು ಸರಿದ ಈ ಗೀರನ್ನು ನೆನೆಯುತ್ತಾಳೆ. ಆಗ ಅವಳ ಮುಖ ಹೇಗಿರುತ್ತದೆ?

"ದೊಡ್ಡ ಸುತ್ತಿಗಿ ತರ್ರಿ," ಎಂದ.

ಅವಳು ಕದಲಲಿಲ್ಲ. "ಇಷ್ಟ ಏನ್ರಿ?"

"ಎರಡೂ ಸುತ್ತಿಗಿ ತರ್ರಿ."

ಅವಳು ತಂದಳು. ಅವನು ಪಾನಾ ಹಾಕಿ ತಿರುವಿದ ಕೂಡಲೇ ನಟ್ಟು ನಾಚಿಕೆಯಿಲ್ಲದೆ ಬಿಚ್ಚಿಕೊಂಡಿತು. ದಂಡ ಮಾತ್ರ ತೋಳನ್ನು ಬಿಡಲಿಲ್ಲ. ಅದಕ್ಕೆ ಇಬ್ಬರು ಬೇಕು. ತೋಳಿನ ಒಂದು ಬದಿಗೆ ಒಬ್ಬರು ಸುತ್ತಿಗೆ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಎದುರಿನಿಂದ ಹೊಡೆಯಬೇಕು. ಕುಂದಾ ಸೆರಗು ಬಿಗಿದು ಗಾಡಿಯ ಕೆಳಗೆ ಬಂದಳು. ಅವರ ಭುಜಗಳ ನಡುವೆ ಒಂದು ಗೇಣು ಜಾಗವಿತ್ತು.

"ಕೈ ನಡಗಬಾರ್ದ್ರಿ," ಎಂದ.

"ನನ್ನ ಕೈ ನಡಗವಲ್ಲವು. ನಿಮ್ಮವು ನೋಡ್ಕೋರ್ರಿ."

ಮೊದಲ ಏಟಿಗೆ ತುಕ್ಕಿನ ಪುಡಿ ಇಬ್ಬರ ಮುಖದ ಮೇಲೂ ಉದುರಿತು. ಎರಡನೆಯದಕ್ಕೆ ಅವಳು ಹಲ್ಲು ಕಚ್ಚಿದಳು. ಮೂರನೆಯ ಏಟಿಗೆ ಮುನ್ನ ಅವನು ಅವಳ ಕಡೆ ನೋಡಿದ. ಅವಳು ಅವನನ್ನೇ ನೋಡುತ್ತಿದ್ದಳು, ಸುತ್ತಿಗೆಯನ್ನಲ್ಲ. ಆ ಒಂದು ಕ್ಷಣ ಅವಳು ಕೈ ಹಿಂದೆಗೆದಿದ್ದರೆ ಏಟು ವ್ಯರ್ಥವಾಗುತ್ತಿತ್ತು.

ಅವಳು ಹಿಂದೆಗೆಯಲಿಲ್ಲ.

ಟಕ್. ದಂಡದಿಂದ ತೋಳು ಕಳಚಿತು.

"ಅಪ್ಪಾ, ಬಿಡ್ತು!" ಎಂದು ಕುಂದಾ ಕೂಗಿದಳು. ಅವಳ ದನಿ ಎಲ್ಲೂ ಒಡೆಯಲಿಲ್ಲ.

ಶುಕ್ರವಾರ ಬೆಳಗಾವಿಯಲ್ಲಿ ದಸ್ತಗೀರಸಾಬ ದಂಡವನ್ನು ಕುಲುಮೆಗಿಟ್ಟು ನೆಟ್ಟಗೆ ಮಾಡಿದ. ಆಮೇಲೆ ನಟ್ಟನ್ನು ಬೆಳಕಿಗೆ ಹಿಡಿದು ತಿರುಗಿಸಿದ.

"ಇದರ ಮೂಲಿ ನೋಡು, ಪಾನಾದ ಕಲೆ ಎರಡೂ ಕಡೆ ಅದಾವು. ಬಿಚ್ಚಿ ಮತ್ತ ಬಿಗದೀಯಲ್ಲೋ ಬಿ.ಎ. ಸಾಬ! ಯಾರ ಸಲುವಾಗಿ?"

ಅವಧೂತ ತಲೆ ತಗ್ಗಿಸಿ ದಂಡಕ್ಕೆ ಎಣ್ಣೆ ಒರೆಸಿದ. ಉಸ್ತಾದ ನಕ್ಕ, ನಡುವೆಯೇ ನಗು ನಿಲ್ಲಿಸಿದ. ಮತ್ತೆ ಕೇಳಲಿಲ್ಲ.

ಶನಿವಾರ ಲಾರಿ ಗುಂಜಿಗೆ ನಾಲ್ಕು ಸಲ ಹೋಗಿ ಬಂತು. ರವಿವಾರ ಬೆಳಗ್ಗೆ ಖಾನಾಪುರ ಸ್ಟೇಷನ್ನಿನಲ್ಲಿ ಮಾರ್ತಾಂಡರಾಯರು ಟ್ರಂಕು ಒಳಗಿಡುತ್ತ ಯಾರೊಂದಿಗೋ ಜಾಗಕ್ಕಾಗಿ ಜಗಳಾಡುತ್ತಿದ್ದರು. ಕುಂದಾ ರೈಲಿನ ಕಿಟಕಿಯ ಬಳಿ ಕೂತಿದ್ದಳು. ಉಗುರುಗಳ ಸಂದಿಯಲ್ಲಿ ಇನ್ನೂ ತುಕ್ಕು ಇತ್ತು.

"ಗುರ್ತಿಗೆ ಸರಿಯಾಗಿ ಕೂಡ್ತೇನ್ರಿ?"

"ಕೂಡ್ತು. ಕೂದಲಷ್ಟೂ ಫರಕಿಲ್ಲ."

ಅವಳು ಉಗುರಿನ ತುಕ್ಕು ಕೆದಕಿದಳು. "ಎರಡು ವರ್ಷ ಬಿಟ್ಟು ಕೂಡಿಸಿದ್ರ?"

ಅವಧೂತ ಅವಳ ಕಣ್ಣು ನೋಡಿದ. ಗುರುವಾರದಿಂದ ಅವನು ಎರಡೇ ಮಾತುಗಳ ನಡುವೆ ಒದ್ದಾಡಿದ್ದ: ಹೋಗು, ಹೋಗಬ್ಯಾಡ. ಇನ್ನೊಂದು ಮಾತೂ ಇತ್ತೆಂದು ಅವನಿಗೆ ಆಗ ಹೊಳೆಯಿತು. ಅದನ್ನು ಅವಳೇ ಅವನ ಬಾಯಿಯ ಹತ್ತಿರ ತಂದಿಟ್ಟಿದ್ದಳು.

"ಎಣ್ಣಿ ಹಚ್ಚಿಟ್ರ ಏನೂ ಆಗೂದಿಲ್ರಿ," ಎಂದ.

"ಹಂಗಾರ ಹಚ್ಚಿಡ್ರಿ," ಎಂದು ಅವಳು ಕಾದಳು. ಗಾರ್ಡು ಸೀಟಿ ಊದುವವರೆಗೂ ಕಾದಳು. ರೈಲು ಕದಲಿದ ಮೇಲೂ ಅವಳ ಮುಖ ಕಿಟಕಿಯಲ್ಲೇ ಇತ್ತು.

ಹೋಗಬ್ಯಾಡ ಎನ್ನದೆ ಇದ್ದದ್ದಕ್ಕೆ ಅವಧೂತ ಮುಂದೆ ಎಂದೂ ಮರುಗಲಿಲ್ಲ. ಮರುಗಿದ್ದು, ಕಾಯ್ತೀನಿ ಎಂಬ ಆ ಇನ್ನೊಂದು ಮಾತನ್ನೂ ಅಂದು ಹೇಳದೆ ಉಳಿದದ್ದಕ್ಕೆ.