ಒಂದೇ ತಂತಿಯ ಸದ್ದು

ಮಚ್ಚು ಮೇಲೆದ್ದಿತು.

ಪರದೆಯ ಮೇಲೆ ಆಲೂಗಡ್ಡೆ ಮೂಟೆಗಳ ನಡುವಿನಿಂದ ಒಬ್ಬ ಯುವಕನನ್ನು ಗುಂಪು ರಸ್ತೆಗೆ ಎಳೆದು ತಂದಿತ್ತು. ಒಂಟಿ ತಂತಿಯ ವಾದ್ಯ ಒಮ್ಮೆ ಮಾತ್ರ ಮಿಡಿಯಿತು. ಆಮೇಲೆ... ಏನೂ ಇಲ್ಲ. ಮಚ್ಚು ಇಳಿಯುವ ಸದ್ದು, ಬಿದ್ದವನ ಉಸಿರು, ಅಷ್ಟೇ.

"ನಿಲ್ಸು!" ಚಿತ್ರದ ನಿರ್ದೇಶಕಿ ಕನೆಂಗ್ ಚೀರಿದಳು. "ಸಂಗೀತ ಎಲ್ಲಿ?"

ಸ್ಟುಡಿಯೋದ ಮೂಲೆಯಲ್ಲಿದ್ದ ತೆಳ್ಳನೆಯ ಯುವಕ ಎದ್ದು ನಿಂತ. ಅವಳು ಅವನನ್ನು ನೋಡುತ್ತಿದ್ದುದು ಅದೇ ಮೊದಲು. ಸಂಕಲನಕಾರ ದಾವೂ ಕೇಳಿಸಿದ್ದ ಒಂದು ರೆಕಾರ್ಡಿಂಗ್ ಮೆಚ್ಚಿ ಕೆಲಸ ಕೊಟ್ಟಿದ್ದಳು.

"ಇದೇ ಸಂಗೀತ, ಮೇಡಂ."

"ಇದಾ? ಅಲ್ಲಿ ಸಾಯ್ತಿರೋದು ಬರೀ ಪಾತ್ರ ಅಲ್ಲ ಕಣೋ, ನನ್ನ ಅಣ್ಣ ಚೋಜಿ! ಅವನು ಸಾಯೋವಾಗ ನಿನ್ನ ಸಂಗೀತ ಬಾಯಿ ಮುಚ್ಕೊಂಡು ಕೂತಿದೆ!"

"ಅದಕ್ಕೇ ಮೇಡಂ... ಅಲ್ಲಿ ಏನು ಬಾರಿಸಿದ್ರೂ..."

"ನಿನ್ನ ಹೆಸರೇನು?"

"ಸಾಲಿಹು."

ಕನೆಂಗ್ ಬೆಚ್ಚಿದಳು. ದಾವೂ ಇಷ್ಟು ದಿನ 'ಸಾಲಿ, ಸಾಲಿ' ಎಂದಾಗ ತಮ್ಮ ಚರ್ಚಿನ ಸಾಲೊಮನ್‌ಗಳಲ್ಲಿ ಯಾರೋ ಒಬ್ಬ ಎಂದುಕೊಂಡಿದ್ದಳು. ಇವನು ಮಸೀದಿಯಿರುವ ಆಚೆ ಬೀದಿಯವನು. ಹನ್ನೆರಡು ವರ್ಷದ ಹಿಂದೆ ಚೋಜಿ ಸತ್ತ ಗಲಭೆಯಲ್ಲಿ ಜೋಸ್ ಊರು ಎರಡಾಗಿ ಸೀಳಿಹೋದಾಗ ಎದುರು ಬದಿಯಲ್ಲಿ ಉಳಿದವನು.

"ಓ... ಹಾಗೆ ಹೇಳು! ನಿಮ್ಮವರ ಮಚ್ಚಿಗೆ ಸದ್ದು ಇರಬಾರದು. ನಮ್ಮವರಿಗಾಗಿ ಯಾರೂ ಅಳಬಾರದು. ಅಲ್ವಾ?"

ಕೈಯಲ್ಲಿದ್ದ ಟೀ ಲೋಟ ಯಾವಾಗ ಹಾರಿತೋ ಅವಳಿಗೇ ತಿಳಿಯಲಿಲ್ಲ. ಅವನ ಹುಬ್ಬಿನ ಮೇಲಿಂದ ರಕ್ತ ಇಳಿಯಿತು.

ಅವನು ಒರೆಸಿಕೊಳ್ಳಲಿಲ್ಲ. ವಾದ್ಯವನ್ನು ಚೀಲಕ್ಕೆ ಹಾಕಿಕೊಂಡು ಹೊರಟ. ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿದ ಆ ಕಣ್ಣುಗಳಲ್ಲಿ ಕೋಪವಿರಲಿಲ್ಲ.

'ಯಾಕೆ ಹಾಗೆ ನೋಡಿದ? ತಪ್ಪು ಮಾಡಿದವಳು ನಾನೇ ಅನ್ನೋ ಹಾಗೆ...' ಕನೆಂಗ್‌ಗೆ ಮೈಯೆಲ್ಲ ಉರಿಯಿತು.

ಒಂದು ವಾರದಲ್ಲಿ ದಾವೂ ಬೇರೆ ಸಂಗೀತ ಹಾಕಿಸಿದ. ನಲವತ್ತು ಡೋಲು, ಕಹಳೆ, ಹೆಂಗಸರ ಗೋಳು. ಕೇಳಿದರೆ ರಕ್ತ ಕುದಿಯಬೇಕು!

ಕುದಿಯಿತು.

ಶನಿವಾರ ಮಧ್ಯಾಹ್ನ ಊರಿನ ಸಭಾಂಗಣದಲ್ಲಿ ಮೊದಲ ಪ್ರದರ್ಶನ. ಎರಡೂ ಬೀದಿಯವರನ್ನು ಕನೆಂಗ್ ತಾನೇ ಹೋಗಿ ಕರೆದಿದ್ದಳು. ಮುಂದಿನ ಸಾಲಿನಲ್ಲಿ ಅವಳ ತಾಯಿ. ಕೊನೆಯ ಗೋಡೆಗೆ ಒರಗಿ ಸಾಲಿಹು ನಿಂತಿದ್ದ. ಹುಬ್ಬಿನ ಮೇಲೆ ಇನ್ನೂ ಪಟ್ಟಿ.

ಮಚ್ಚು ಎದ್ದಾಗ ನಲವತ್ತು ಡೋಲುಗಳೂ ಒಟ್ಟಿಗೆ ಎದ್ದವು. ಜನರ ಕಾಲುಗಳು ನೆಲ ಕುಟ್ಟತೊಡಗಿದವು. ಡೋಲು ಏರಿದ ಹಾಗೆ ಹುಡುಗರು ಕುರ್ಚಿಯಿಂದ ಎದ್ದರು.

"ಅವರು ಇಲ್ಲೇ ಕೂತವ್ರೆ! ಹೊಡೀರೋ!"

ಯಾರು ಕೂಗಿದರೋ! ಕುರ್ಚಿಗಳು ಹಾರಿದವು. ಬೆಂಚಿನ ಕಾಲು ಮುರಿದು ಒಬ್ಬ ಇನ್ನೊಬ್ಬನ ತಲೆಗೆ ಬೀಸಿದ. ಬಾಟಲಿ ಒಡೆಯಿತು. ಮುದುಕನೊಬ್ಬ ಬಾಯಿ ತುಂಬ ರಕ್ತ ತುಂಬಿಕೊಂಡು ಗೋಡೆ ತಡವುತ್ತಿದ್ದ. ಪರದೆಯ ಮೇಲೆ ಕೊಲೆ, ಪರದೆಯ ಕೆಳಗೂ ಅದೇ... ಎರಡಕ್ಕೂ ಒಂದೇ ಡೋಲು!

"ಅಮ್ಮಾ!"

ತಾಯಿ ನೂಕುನುಗ್ಗಲಿನಲ್ಲಿ ನೆಲಕ್ಕೆ ಬಿದ್ದಿದ್ದರು. ಕನೆಂಗ್ ತಲುಪುವ ಮೊದಲೇ ಯಾರೋ ಅವರ ಮೇಲೆ ಕವುಚಿ ಬಿದ್ದರು.

ಸಾಲಿಹು!

ಅವನ ಮುಖ ಕಂಡದ್ದೇ ಒಬ್ಬ ಚಾಕು ಎತ್ತಿದ. ಭುಜದಿಂದ ಬೆನ್ನಿನವರೆಗೆ ಬಟ್ಟೆಯೂ ಚರ್ಮವೂ ಒಟ್ಟಿಗೇ ಸೀಳಿಹೋದವು. ಎರಡನೆಯ ಏಟಿಗೆ ಕೈ ಎತ್ತಿದವನ ಮಣಿಕಟ್ಟಿಗೆ ಕನೆಂಗ್ ಪ್ರೊಜೆಕ್ಟರ್ ಸ್ಟ್ಯಾಂಡಿನ ಕಬ್ಬಿಣದ ಕಾಲಿನಿಂದ ಬಾರಿಸಿದಳು. ಮೂಳೆ ಮುರಿದ ಸದ್ದು ಕೇಳಿಸಿತು.

ಚಾಕು ಹಿಡಿದವನು ನರಳುತ್ತ ತಲೆ ಎತ್ತಿದ. ಬಿಟ್ರುಸ್... ಅವಳದೇ ಬೀದಿಯವನು, ಚೋಜಿಯ ಶವಪೆಟ್ಟಿಗೆಗೆ ಹೆಗಲು ಕೊಟ್ಟವನು.

"ಯಾಕಕ್ಕಾ ಹೊಡ್ದೆ? ಚೋಜಿಗೋಸ್ಕರ ತಾನೇ ಮಾಡಿದ್ದು! ನೀನೇ ತಾನೇ ತೋರ್ಸಿದ್ದು!"

ಅವಳ ಕೈಯಿಂದ ಕಬ್ಬಿಣ ಜಾರಿತು.

ಆಸ್ಪತ್ರೆಯಲ್ಲಿ ಸಾಲಿಹುವಿಗೆ ಮೂವತ್ತೊಂದು ಹೊಲಿಗೆ. ಮೂರನೆಯ ದಿನ ಕನೆಂಗ್ ಹೋದಾಗ ಅವಳ ತಾಯಿ ಅವನ ಪಕ್ಕದಲ್ಲಿ ಕೂತು ಅಚ್ಚಾ ಎಂಬ ಸಣ್ಣ ಸಿರಿಧಾನ್ಯದ ಗಂಜಿ ಕುಡಿಸುತ್ತಿದ್ದರು.

"ನನ್ನ ಕ್ಷಮಿಸ್ತೀಯಾ?" ಕನೆಂಗ್ ಬಾಗಿಲಲ್ಲೇ ನಿಂತು ಕೇಳಿದಳು. "ಅವತ್ತು ನಾನು... ನಿಮ್ಮವರು ಅಂದೆ."

"ನಿಮ್ಮಣ್ಣ ಸತ್ತ ದಿನಾನೇ, ಅದೇ ರಸ್ತೆಯ ಆ ಬದೀಲಿ ನಮ್ಮ ಅಪ್ಪನ್ನೂ ಕಡಿದ್ರು," ಎಂದ ಸಾಲಿಹು. "ನಾನು ಹಿಟ್ಟಿನ ಮೂಟೆ ಅಡೀಲಿದ್ದೆ. ಕಿರುಚಾಟ ಇತ್ತಂತೆ, ಗುಂಡಿನ ಸದ್ದೂ ಇತ್ತಂತೆ. ನಂಗೆ ಅದ್ಯಾವ್ದೂ ನೆನಪಿಲ್ಲ ಮೇಡಂ. ಅಪ್ಪನ ಉಸಿರು ಮಾತ್ರ... ಅದು ನಿಲ್ಲೋವರೆಗೂ ಎಣಿಸ್ತಿದ್ದೆ."

ಕನೆಂಗ್ ಒಳಗೆ ಬಂದಳು. ಮಂಚದ ಅಂಚಿನಲ್ಲಿ ಕೂತಳು.

"ಡೋಲು ಬಾರಿಸಿದ್ರೆ ನೋಡೋರು ಹೊಡೆಯೋನ ಜೊತೆ ಹೆಜ್ಜೆ ಹಾಕ್ತಾರೆ. ಸದ್ದಿಲ್ದೇ ಇದ್ರೆ, ಬಿದ್ದೋನ ಪಕ್ಕ ಬಂದು ಕೂರ್ತಾರೆ. ಇಷ್ಟು ಹೇಳೋಕೆ ಅವತ್ತು ನಂಗೆ ಬರ್ಲಿಲ್ಲ."

'ಅಯ್ಯೋ... ಹೇಳೋಕೆ ನಾನು ಬಿಟ್ಟರೆ ತಾನೇ!'

ಮರುದಿನ ಅವಳು ಲ್ಯಾಪ್‌ಟಾಪ್ ತಂದು ಅವನ ಸಂಗೀತವಿದ್ದ ಚಿತ್ರವನ್ನು ತಾಯಿಗೆ ಮೊದಲಿಂದ ತೋರಿಸಿದಳು. ಮಗನ ಸಾವನ್ನು ಆ ತಾಯಿ ಕಣ್ಣು ಮುಚ್ಚದೆ ನೋಡಿದರು. ಆಮೇಲೆ ಸಾಲಿಹುವಿನ ಕಡೆ ಬೆರಳು ತೋರಿಸಿದರು.

"ಕೊನೇದು ಸರಿ ಇದೆ. ಆದ್ರೆ ಮೊದಲಿಂದು? ಸೋದರತ್ತೆ ಮಗಳ ಮದ್ವೇಲಿ ನನ್ನ ಮಗ ಕುಣೀತಿದಾನೆ. ಅಲ್ಲೂ ಒಂದೇ ತಂತಿ ಟಿಂಗ್ ಅನ್ಸಿದೀಯಲ್ಲೋ! ಅದೇನು ಮದುವೇನೋ, ಮಣ್ಣೋ?"

"ಅಮ್ಮಾ, ಅದು ಇಡೀ ಚಿತ್ರಕ್ಕೆ ಒಂದೇ ರೀತಿ..." ಎಂದ ಸಾಲಿಹು.

"ನನ್ನ ಮಗ ಇದ್ದಾಗ ಮನೇಲಿ ಒಂದು ನಿಮಿಷ ಸುಮ್ನಿರ್ತಿರ್ಲಿಲ್ಲ. ಸತ್ತಾಗ ಸುಮ್ನಿರು, ಒಪ್ಪಿದೆ. ಬದುಕಿದ್ದಾಗ್ಲೂ ಅವನ ಬಾಯಿ ಕಟ್ಟಬೇಡ ಕಣಪ್ಪಾ."

ಸಾಲಿಹು ಲ್ಯಾಪ್‌ಟಾಪನ್ನು ತನ್ನ ಕಡೆಗೆ ಎಳೆದುಕೊಂಡ. "ತಪ್ಪಾಯ್ತಮ್ಮಾ," ಎಂದ.

ಗಾಯ ಮಾಯುವ ಮೊದಲೇ ಕೆಲಸ ಶುರುವಾಯಿತು. ಮದುವೆಗೆ ಡೋಲು, ಕೊಳಲು, ಚಪ್ಪಾಳೆ ಎಲ್ಲವೂ ಬಂದವು. ಬೆನ್ನು ನೋವಿಗೆ ಅವನ ಹಣೆಯಲ್ಲಿ ಬೆವರೊಡೆದಾಗ ಕನೆಂಗ್ ಮಾತಿಲ್ಲದೆ ದಿಂಬು ಸರಿಸುತ್ತಿದ್ದಳು. ಒಂದು ದಿನ ಹುಬ್ಬಿನ ಮೇಲಿನ ಕಲೆಯನ್ನು ಬೆರಳಲ್ಲಿ ಮುಟ್ಟಿದಳು. ಅವನು ಕದಲಲಿಲ್ಲ. ಅವಳೂ ಬೆರಳು ತೆಗೆಯಲಿಲ್ಲ...

ಆರು ವಾರದ ನಂತರ ಅದೇ ಸಭಾಂಗಣ, ಅದೇ ಮಧ್ಯಾಹ್ನದ ಹೊತ್ತು. ಬಾಗಿಲಲ್ಲಿ ಪೊಲೀಸರು. ಕನೆಂಗ್ ಮತ್ತೆ ಮನೆಮನೆಗೆ ಹೋಗಿ ಬೇಡಿಕೊಂಡಿದ್ದಳು. ಬಂದವರು ಅರ್ಧದಷ್ಟು ಜನ.

ಮದುವೆಯ ಕುಣಿತಕ್ಕೆ ಎರಡೂ ಬೀದಿಯವರು ನಕ್ಕರು. ಹಿಂದಿನ ಸಾಲಿನ ಒಬ್ಬ ಅಜ್ಜಿ ಕೂತಲ್ಲೇ ಭುಜ ಕುಣಿಸಿದಳು.

ಮಚ್ಚು ಎದ್ದಿತು. ತಂತಿ ಒಮ್ಮೆ ಮಿಡಿಯಿತು. ಆಮೇಲೆ ಬರೀ ಉಸಿರು.

ಯಾರೂ ಏಳಲಿಲ್ಲ. ಕಾಲು ಕುಟ್ಟಲಿಲ್ಲ. ಆ ನಿಶ್ಶಬ್ದದಲ್ಲಿ ಮೊದಲು ಬಿಕ್ಕಿದವನು ಬಿಟ್ರುಸ್. ಪ್ಲಾಸ್ಟರ್ ಹಾಕಿದ ಕೈಯನ್ನು ಬಾಯಿಗೆ ಒತ್ತಿಕೊಂಡು ಬಿಕ್ಕಿದ. ಆಮೇಲೆ ಒಬ್ಬೊಬ್ಬರಾಗಿ ಸಭೆಯೇ ಅತ್ತಿತು.

ಹೊರಗೆ ದೂರದ ಮರುಭೂಮಿಯ ಕಡೆಯಿಂದ ಧೂಳುಗಾಳಿ ಬೀಸುತ್ತಿತ್ತು. ಕನೆಂಗ್ ಅವನನ್ನು ಹುಡುಕಿಕೊಂಡು ಗೋಡೆಯ ಹಿಂದಕ್ಕೆ ಬಂದಳು.

"ಸಾಲಿಹು... ಇನ್ನು ಕೆಲಸ ಮುಗೀತು. ಹೊರಟುಬಿಡ್ತೀಯಾ?"

ಅವನು ವಾದ್ಯದ ಚೀಲವನ್ನು ಹೆಗಲಿಗೇರಿಸಿದ.

"ಹೇಳು! ನಂಗೆ ನೀನು ಬೇಕು. ನಾಚ್ಕೆ ಬಿಟ್ಟು ಹೇಳ್ತಿದೀನಿ. ಇದಕ್ಕಾದ್ರೂ ಬಾಯಿ ಬಿಡೋ!"

"ನಿಮ್ಮೋರು ನನ್ನ ಒಮ್ಮೆ ಕಡಿದಾಯ್ತು, ಕನೆಂಗ್. ನಿನ್ನ ನಮ್ಮ ಬೀದೀಲಿ ಯಾರಾದ್ರೂ ಮುಟ್ಟಿದ್ರೆ ನಾನು ಬದುಕೋಲ್ಲ. ಆ ಭಯಕ್ಕೇ ಸುಮ್ನಿದ್ದೆ."

ಮೇಡಂ ಅನ್ನಲಿಲ್ಲ! ಮೊದಲ ಸಲ ಅವಳ ಹೆಸರು ಹಿಡಿದು ಕರೆದಿದ್ದ. ಅವಳ ಕಣ್ಣು ತುಂಬಿ ಬಂತು.

"ಭಯ ನಂಗೂ ಇದೆ. ನಾಳೆ ನಿಮ್ಮಮ್ಮನ ಹತ್ರ ಕರ್ಕೊಂಡು ಹೋಗು."

"ಬೈತಾರೆ."

"ಬೈಲಿ."

"ಬಾಗಿಲು ಹಾಕ್ಕೋತಾರೆ ಕಣೇ!"

"ಹಾಕ್ಕೊಳ್ಲಿ. ಹೊರಗೆ ಕೂತಿರ್ತೀನಿ."

ಸಾಲಿಹು ಮೊದಲ ಬಾರಿ ಬಾಯಿ ತುಂಬ ನಕ್ಕ. ನಗುತ್ತಲೇ ಅವಳ ಕೈ ಹಿಡಿದುಕೊಂಡ.

"ಹಾಗಾದ್ರೆ ಇಬ್ರೂ ಕೂರೋಣ."