ದಾಜಿಪುರದ ಹೊಸ್ತಿಲಲ್ಲಿ ಒಂದು ಒಡಪು

ಗಂಡನ ಹೆಸರು ಹೇಳದೆ ಒಳಗೆ ಕಾಲಿಡುವಂತಿಲ್ಲ ಎಂದು ಲಕ್ಷ್ಮಿಬಾಯಿ ಬಾಗಿಲಿಗೆ ಕೈ ಅಡ್ಡ ಇಟ್ಟಾಗ ನನಗಿನ್ನೂ ಮದುವೆಯೇ ಆಗಿರಲಿಲ್ಲ. ನನ್ನ ಪಕ್ಕದಲ್ಲಿ ಹೆಲ್ಮೆಟ್ ಹಿಡಿದು ನಿಂತಿದ್ದವರು ನಮ್ಮ ಶಾಲೆಯ ಗಣಿತದ ಮಾಸ್ತರು, ಸಂಗ್ರಾಮ ಸರ್. ಅವರಿಗೂ ಮದುವೆ ಆಗಿರಲಿಲ್ಲ, ಆಗುವುದರಲ್ಲಿತ್ತು. ಬೇರೆಯವಳ ಜೊತೆ.

ಅಲ್ಲಿಗೆ ನಾವಿಬ್ಬರೇ ಹೋದದ್ದಲ್ಲ. ಹಾರೂಗೇರಿಯ ನಮ್ಮ ಹೈಸ್ಕೂಲಿನ ಸ್ಟಾಫ್ ದಸರಾ ರಜೆಯಲ್ಲಿ ಒಂದು ಕ್ರೂಸರ್ ಗಾಡಿ ಮಾಡಿಕೊಂಡು ಗಡಿಯಾಚೆಯ ದಾಜಿಪುರದ ಕಾಡು ನೋಡಲು ಹೊರಟಿತ್ತು. ಅಂಕಲಿಯ ಸಂಗ್ರಾಮ ಸರ್ ಮಾತ್ರ ಬೈಕಿನಲ್ಲೇ ಬರುತ್ತೇನೆಂದು ನಿಪ್ಪಾಣಿಯಲ್ಲಿ ಕೂಡಿಕೊಂಡರು. ರಾಧಾನಗರಿ ದಾಟಿ ಗುಡ್ಡದ ತಿರುವುಗಳು ಶುರುವಾದದ್ದೇ ತಡ, ನನಗೆ ಹೊಟ್ಟೆ ತೊಳಸತೊಡಗಿತು. ನನ್ನ ಸಲುವಾಗಿ ಮತ್ತೆ ಮತ್ತೆ ಗಾಡಿ ನಿಲ್ಲಿಸಬೇಕಾಯಿತು. ಕೊನೆಗೆ ಇಂಗ್ಲಿಷ್ ಕಲಿಸುವ ನೀಲಮ ನನ್ನ ಚೀಲವನ್ನೇ ಎತ್ತಿ ಹೊರಗಿಟ್ಟಳು.

“ಸ್ನೇಹಲ, ನೀ ಸರ್ ಬೈಕ್ ಮ್ಯಾಲ ಕುಂಡ್ರ ಹೋಗು. ಗಾಳಿ ಬಡೀತೈತಿ, ನಿನಗ ಆರಾಮ ಅನಸ್ತೈತಿ. ನಮಗೂ ಆರಾಮ.”

ಸಂಗ್ರಾಮ ಸರ್ ಇಳಿದು ಹಿಂದಿನ ಸೀಟು ಒರೆಸಿದರು. ಒರೆಸುವಂಥ ಧೂಳೇನೂ ಅಲ್ಲಿರಲಿಲ್ಲ.

ಮಳೆಗಾಲ ಆಗಷ್ಟೇ ಮುಗಿದಿತ್ತು. ಗುಡ್ಡದ ಮೈಯೆಲ್ಲ ಹಳದಿ ಹೂ. ಒಂದು ಕಡೆ ಬೆಕ್ಕಿಗಿಂತ ದೊಡ್ಡ ಕೆಂಜಳಿಲು ರಸ್ತೆಯ ಈ ಮರದಿಂದ ಆ ಮರಕ್ಕೆ ಹಾರಿತು. ಸರ್ ಬೈಕ್ ನಿಧಾನ ಮಾಡಿ ತೋರಿಸಿದರು. ನಾನು ಅದನ್ನು ನೋಡಿದೆ, ಬೈಕಿನ ಕನ್ನಡಿಯನ್ನೂ ನೋಡಿದೆ. ಹಿಂದಿನ ರಸ್ತೆ ಕಾಣಬೇಕಾದ ಕನ್ನಡಿಯಲ್ಲಿ ನನ್ನ ಮುಖ ಕಾಣುತ್ತಿತ್ತು.

“ಸರ್, ನಿಮ್ಮ ಕನ್ನಡಿ ಸೊಟ್ಟ ಆಗೇತಿ.”

“ಹೌದ್ರಿ ಮೇಡಮ್. ರಾಧಾನಗರಿ ತನಕ ಸರಿ ಇತ್ತು.”

ಹೇಳಿದರೇ ಹೊರತು ಸರಿ ಮಾಡಲಿಲ್ಲ. ನನಗೆ ಖುಷಿಯೂ ಆಯಿತು, ಸಿಟ್ಟೂ ಬಂತು. ಬರುವ ಭಾನುವಾರ ಅಥಣಿಯಲ್ಲಿ ಈ ಮನುಷ್ಯನ ಸಾಖರಪುಡೆ, ಅಂದರೆ ನಿಶ್ಚಿತಾರ್ಥ, ಎಂದು ನೀಲಮ ಹೇಳಿದ್ದಳು. ನಮ್ಮ ಕಡೆ ಸಾಖರಪುಡೆ ಆಯಿತೆಂದರೆ ಮುಗಿಯಿತು, ಕೊಟ್ಟ ಸಕ್ಕರೆ ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ. ಅಷ್ಟೆಲ್ಲ ಇದ್ದವರಿಗೆ ಕನ್ನಡಿಯಲ್ಲಿ ನನ್ನ ಮುಖ ಯಾಕೆ ಬೇಕಿತ್ತು?

ಕ್ರೂಸರ್ ಮುಂದೆ ಹೋಗಿಬಿಟ್ಟಿತು. ನಾವು ಒಂದು ತಿರುವಿಗೆ ಬಂದಾಗ ಎಮ್ಮೆ ಹೊಡೆದುಕೊಂಡು ಬರುತ್ತಿದ್ದ ಮುದುಕಿಯೊಬ್ಬಳು ಕೋಲು ಎತ್ತಿ ತಡೆದಳು. ಮುಂದೆ ರಸ್ತೆಗೆ ಗವೆ ಇಳಿದಿವೆ, ದೊಡ್ಡ ಗಾಡಿಗೆ ದಾರಿ ಬಿಡುತ್ತವೆ, ಬೈಕಿನ ಸದ್ದಿಗೆ ರೇಗುತ್ತವೆ ಎಂದು ಮರಾಠಿಯಲ್ಲಿ ಹೇಳಿದಳು. ಗವೆ ಎಂದರೆ ಕಾಡುಕೋಣ. ತಿರುವಿನಾಚೆ ಇಣುಕಿದೆವು. ಐದಾರು ನಿಂತಿದ್ದವು, ಬಿಳಿ ಕಾಲುಚೀಲ ಹಾಕಿಕೊಂಡ ಪೈಲವಾನರ ಹಾಗೆ. ನಾವು ಬೈಕ್ ತಳ್ಳಿಕೊಂಡು ಮುದುಕಿಯ ಹಿಂದೆ ನಡೆದೆವು.

ಅವಳೇ ಲಕ್ಷ್ಮಿಬಾಯಿ, ಎಮ್ಮೆ ಸಾಕುವ ಗವಳಿ ಧನಗರರವಳು. ಅವರದು ಕಾಡಿನಂಚಿನಲ್ಲಿ ನಾಲ್ಕಾರು ಮನೆಗಳ ವಾಡಾ. ಮನೆಯ ಅರ್ಧ ಜನಕ್ಕೆ, ಇನ್ನರ್ಧ ಎಮ್ಮೆಗಳಿಗೆ. ಬಾಗಿಲಿಗೆ ಬಂದವಳು ನಮ್ಮಿಬ್ಬರನ್ನೂ, ಒಂದೇ ಬೈಕನ್ನೂ ನೋಡಿದಳು. ನನ್ನ ಬರಿಗೊರಳನ್ನೂ ನೋಡಿದಳು. ಕಾಡಿಗೆ ಬರುವಾಗ ತಾಳಿ ಮನೆಯಲ್ಲಿ ಇಟ್ಟು ಬಂದದ್ದು ಒಳ್ಳೆಯದಾಯಿತು ಎಂದು ತಾನೇ ತೀರ್ಮಾನಿಸಿ ಬಾಗಿಲಿಗೆ ಕೈ ಅಡ್ಡ ಇಟ್ಟಳು.

“ನಾವ ಘೇ,” ಎಂದಳು. ಗಂಡನ ಹೆಸರು ಹೇಳು, ಒಳಗೆ ಬಾ.

ನಮ್ಮಲ್ಲೂ ಇದೇ ಪದ್ಧತಿ. ಹೆಂಡತಿ ಗಂಡನ ಹೆಸರು ಹಿಡಿದು ಕರೆಯುವುದಿಲ್ಲ. ಯಾರಾದರೂ ಹೀಗೆ ಅಡ್ಡಗಟ್ಟಿ ಕೇಳಿದಾಗ ಮಾತ್ರ ಒಡಪು ಕಟ್ಟಿ ಅದರೊಳಗೆ ಹೆಸರು ಸೇರಿಸಿ ಹೇಳುತ್ತಾಳೆ. ರಾಯಬಾಗದ ನಮ್ಮ ಓಣಿಯಲ್ಲಿ ಯಾವ ಮದುವೆ ಇದ್ದರೂ ಮದುಮಗಳಿಗೆ ಒಡಪು ಕಟ್ಟಿಕೊಡುವವಳು ನಾನೇ, ಬೇಕಾದರೆ ಕನ್ನಡದಲ್ಲಿ, ಬೇಕಾದರೆ ಮರಾಠಿಯಲ್ಲಿ.

“ಆಜಿ, ನಾವು ಗಂಡ ಹೆಂಡ್ತಿ ಅಲ್ಲ” ಎಂದಿದ್ದರೆ ಮುಗಿದುಹೋಗುತ್ತಿತ್ತು. ಸಂಗ್ರಾಮ ಸರ್ ಅದನ್ನು ಹೇಳಲಿ ಎಂದು ಕಾದೆ. ಅವರು ಹೆಲ್ಮೆಟ್ಟಿನ ಪಟ್ಟಿ ತಿರುವುತ್ತ ನೆಲ ನೋಡುತ್ತಿದ್ದರು, ಹೇಳಲಿಲ್ಲ. ಹಾಗಿದ್ದರೆ ಕೇಳಿಸಿಕೊಳ್ಳಲಿ ಎನಿಸಿತು.

“ಜ್ವಾಳದ ರೊಟ್ಟಿ, ಶೇಂಗಾ ಹಿಂಡಿ, ಬಿಚ್ಚಿದ್ರ ಘಮಘಮ,
ನನ್ನ ಮುಂದ ಡಬ್ಬಿ ಇಟ್ಟು ಉಪಾಸ ಇರತಾರ ಸಂಗ್ರಾಮ.”

ಲಕ್ಷ್ಮಿಬಾಯಿಗೆ ಕನ್ನಡ ಬರುತ್ತಿರಲಿಲ್ಲ. ಆದರೆ ಪ್ರಾಸ ಯಾವ ಭಾಷೆಯಲ್ಲಿದ್ದರೂ ಕಿವಿಗೆ ತಿಳಿಯುತ್ತದೆ. ನಗುತ್ತ ಕೈ ತೆಗೆದಳು. ಈಗ ನಿನ್ನ ಸರದಿ ಎಂದು ಸರ್ ಕಡೆ ತಿರುಗಿದಳು. ಅವರ ಕಿವಿ ಕೆಂಪಾಗಿದ್ದವು.

“ಮಲಾ ಯೇತ ನಾಹಿ, ಆಜಿ.” ನನಗೆ ಬರುವುದಿಲ್ಲ ಎಂದರು, ಅಷ್ಟೇ.

ಒಳಗೆ ಕೂತು ಗಟ್ಟಿ ಹಾಲಿನ ಚಹಾ ಕುಡಿದೆವು. ಬಿಸಿಯಾಗಿತ್ತು, ಚೆನ್ನಾಗಿತ್ತು. ನಾನು ಮಾತ್ರ ಅರ್ಧಕ್ಕೇ ಕೆಳಗಿಟ್ಟೆ. ಇರುವುದನ್ನೆಲ್ಲ ಹೊಸ್ತಿಲಲ್ಲೇ ಹೇಳಿಬಿಟ್ಟಿದ್ದೆ, ಅವರು ಬರುವುದಿಲ್ಲ ಎಂದುಬಿಟ್ಟಿದ್ದರು.

ಗವೆ ಹೋದವೋ ಇಲ್ಲವೋ ನೋಡಲು ಇಬ್ಬರೂ ಅಂಗಳಕ್ಕೆ ಬಂದೆವು. ಅವು ಇನ್ನೂ ಅಲ್ಲೇ ಮೇಯುತ್ತಿದ್ದವು.

“ಮೇಡಮ್, ಅಷ್ಟ ಲಗೂನ ಹೆಂಗ ಕಟ್ಟಿದ್ರಿ ಅದನ್ನ?”

“ಈಗ ಕಟ್ಟಿಲ್ರಿ. ಹ್ವಾದ ಮಳಿಗಾಲದಾಗ ಕಟ್ಟೀನಿ.”

ಅವರು ಗವೆ ನೋಡುವುದನ್ನು ಬಿಟ್ಟು ನನ್ನನ್ನು ನೋಡಿದರು. ಈ ಸಲ ಕನ್ನಡಿ ಇರಲಿಲ್ಲ.

ಹೋದ ವರ್ಷ ಶಾಲೆಗೆ ಸೇರಿದಾಗ ನಾನು ಮೊದಲ ಬಸ್ಸಿಗೆ ರಾಯಬಾಗ ಬಿಡುತ್ತಿದ್ದೆ, ಊಟ ಕಟ್ಟಿಕೊಳ್ಳಲು ಪುರಸೊತ್ತು ಇರುತ್ತಿರಲಿಲ್ಲ. ಒಂದು ಮಧ್ಯಾಹ್ನ ಇವರು ಡಬ್ಬಿ ಬಿಚ್ಚಿದಾಗ ಶೇಂಗಾ ಹಿಂಡಿಯ, ಆ ಚಟ್ನಿಪುಡಿಯ ವಾಸನೆಗೆ ತಲೆ ಎತ್ತಿದ್ದೆ. ನನಗೆ ಹಸಿವಿಲ್ಲ, ನೀವು ತಿನ್ನಿ ಎಂದು ಡಬ್ಬಿ ಸರಿಸಿದರು. ಆಮೇಲೆ ದಿನಾ ಅವರಿಗೆ ಹಸಿವಿರುತ್ತಿರಲಿಲ್ಲ.

“ನಾ ಉಪಾಸ ಇರತೀನಿ ಅನ್ನೂದು ನಿಮಗ ಗೊತ್ತಿತ್ತಾ?”

“ಕೊನೀ ತಾಸಿಗೆ ನಿಮ್ಮ ಹೊಟ್ಟಿ ಗುರ್ ಅನ್ನೂದು ಬಾಜೂ ಕ್ಲಾಸಿಗೂ ಕೇಳತಿತ್ತು.”

“ಗೊತ್ತಿದ್ದೂ ತಿಂದ್ರಿ?”

“ಬ್ಯಾಡ ಅಂದಿದ್ರ ನೀವು ಡಬ್ಬಿ ಇಡೂದ ಬಿಡತಿದ್ರಿ. ಆಮ್ಯಾಲ ನನ್ನ ಮೇಜಿನ ಕಡೆ ಬರಾಕ ನಿಮಗ ಏನ ನೆಪ ಇರತಿತ್ತು?”

ಅವರು ನಕ್ಕರು. ನಗು ಅರ್ಧಕ್ಕೇ ನಿಂತಿತು.

“ಒಂದ ಮಾತ ಮೊದಲ ಹೇಳಬಾರದಾ?”

“ಒಡಪು ತಾವಾಗೇ ಹೇಳೂದಲ್ಲ ಸರ್, ಯಾರರೆ ಕೇಳಬೇಕು. ನೀವು ಕೇಳಲಿಲ್ಲ. ಆ ಮುದುಕಿ ಕೇಳಿದಳು. ಬಿಡ್ರಿ, ಅಥಣಿಯಾಕಿನೂ ಚಲೋ ಒಡಪು ಹೇಳತಾಳ.”

ಅಷ್ಟರಲ್ಲಿ ಗವೆಗಳು ಒಂದೊಂದಾಗಿ ಕಾಡಿಗೆ ಇಳಿದವು. ಲಕ್ಷ್ಮಿಬಾಯಿ ನನ್ನ ಕೈಗೆ ಬೆಣ್ಣೆಯ ಪೊಟ್ಟಣ ಕೊಟ್ಟಳು, ನಾವು ಹೊರಟೆವು. ಕ್ರೂಸರ್ ಸಿಕ್ಕಿತು, ಕಾಡು ನೋಡಿದೆವು, ಎಲ್ಲರೂ ಫೋಟೊ ಹಿಡಿದರು. ಫೋಟೊದಲ್ಲಿ ನಾನು ನೀಲಮಳ ಪಕ್ಕ ನಿಂತಿದ್ದೇನೆ.

ವಾಪಸ್ ಬರುವಾಗ ನಾನು ಕ್ರೂಸರಿನ ಕಡೆಗೇ ಹೋದೆ. ನೀಲಮ ಒಳಗಿನಿಂದ ಬಾಗಿಲು ಹಾಕಿಕೊಂಡಳು. ಮತ್ತೆ ಬೈಕಿನ ಹಿಂದೆ ಕೂತೆ. ಘಾಟ್ ಇಳಿಯುವ ತನಕ ಇಬ್ಬರೂ ಮಾತಾಡಲಿಲ್ಲ. ರಾಧಾನಗರಿ ಹತ್ತಿರ ಬಂದಾಗ ಮೊಬೈಲಿಗೆ ನೆಟ್‌ವರ್ಕ್ ಸಿಕ್ಕು, ಅವರ ಜೇಬಿನಲ್ಲಿ ಮೆಸೇಜುಗಳು ಸಾಲಾಗಿ ಸದ್ದು ಮಾಡಿದವು. ಬೈಕ್ ನಿಲ್ಲಿಸಿ ನೋಡಿದರು. ಅವರ ಅವ್ವ ಭೀಮಾಬಾಯಿ ಅಥಣಿಗೆ ಒಯ್ಯುವ ಸೀರೆಗಳ ಫೋಟೊ ಕಳಿಸಿದ್ದರು, ಯಾವುದು ಅಡ್ಡಿಯಿಲ್ಲ ಹೇಳು ಎಂದು.

ಸಂಗ್ರಾಮ ಸರ್ ಸ್ವಲ್ಪ ಹೊತ್ತು ಸೀರೆಗಳನ್ನೇ ನೋಡಿದರು. ಆಮೇಲೆ ಫೋನ್ ಹಚ್ಚಿದರು. ಸ್ಪೀಕರ್ ಹಾಕುವ ಅಗತ್ಯವೇ ಇರಲಿಲ್ಲ, ಭೀಮಾಬಾಯಿಯ ಧ್ವನಿ ಅಂಥದ್ದು.

“ಅವ್ವಾ, ಅಥಣಿಗೆ ಹೋಗೂದು ಬ್ಯಾಡ.”

“ಯಾಕಲೇ? ಹುಡುಗಿ ನೋಡಿ ಹೂಂ ಅಂದಾಂವ ನೀನ ಅಲ್ಲನ?”

“ನೀವು ಕೇಳಿದ್ರಿ, ಹೂಂ ಅಂದೆ. ತಪ್ಪಾತು. ಸಕ್ಕರಿ ಕೊಟ್ಟಿಲ್ಲ ಇನ್ನಾ. ನಾನ ಹೋಗಿ ಆ ಮನಿಯವರಿಗೆ ಹೇಳಿ ಬರತೀನಿ.”

“ಮತ್ತ ಯಾರ ಬೇಕು ನಿನಗ? ಹೆಸರ ಹೇಳು.”

ಹೆಸರು ಹೇಳು. ಅವರು ನನ್ನ ಕಡೆ ತಿರುಗಿದರು. ಗಂಟಲು ಸರಿ ಮಾಡಿಕೊಂಡರು.

“ದಾರ್ಯಾಗ ಗವೆ ಅಡ್ಡ ನಿಂತ್ವು, ಬೈಕ್ ಮುಂದ ಹೋಗಲಿಲ್ಲ,
ಹಿಂದ ಕುಂತಾಕಿನ ಬಿಟ್ಟ ನಾನೂ ಮುಂದ ಹೋಗಂಗಿಲ್ಲ... ಸ್ನೇಹಲ.”

ಇಷ್ಟು ಕೆಟ್ಟ ಒಡಪು ನಾನು ಯಾವ ಮದುವೆಯಲ್ಲೂ ಕೇಳಿಲ್ಲ. ಘಾಟ್ ಇಳಿಯುವ ತನಕ ಈ ಮನುಷ್ಯ ಇದನ್ನೇ ಕಟ್ಟುತ್ತಿದ್ದರು ಎಂದು ಆಗ ತಿಳಿಯಿತು. ಕಣ್ಣು ತುಂಬಿ ರಸ್ತೆ ಮಂಜಾಯಿತು.

ಆ ಕಡೆ ಫೋನ್ ಕಟ್ಟಾಯಿತು. ನಾವಿಬ್ಬರೂ ಫೋನನ್ನೇ ನೋಡುತ್ತ ನಿಂತೆವು. ಒಂದು ಕಬ್ಬಿನ ಟ್ರ್ಯಾಕ್ಟರ್ ದಾಟಿತು, ಇನ್ನೊಂದು ದಾಟಿತು. ಫೋನ್ ಮತ್ತೆ ಹೊಡೆಯಿತು.

“ಡಬ್ಬಿ ತಿನ್ನಾಕಿ ಈಕೀನ ಏನು?” ಎಂದರು ಭೀಮಾಬಾಯಿ. “ಡಬ್ಬಿ ದಿನಾ ಖಾಲಿ ಬರತೈತಿ, ನೀ ಮನಿಗೆ ಬಂದಾಂವನ ರೊಟ್ಟಿ ಬುಟ್ಟಿಗೆ ಕೈ ಹಾಕತಿ. ಯಾರೋ ತಿನ್ನಾಕತ್ತಾರ ಅಂತ ನನಗ ಯಾವಾಗೋ ಗೊತ್ತಾಗೇತಿ. ಕೊಡು ಆಕೀಗೆ ಫೋನ.”

“ಜೈ ಭೀಮ್, ಮಾವಶಿ,” ಎಂದೆ, ಚಿಕ್ಕಮ್ಮನನ್ನು ಕರೆಯುವ ಹಾಗೆ.

“ಜೈ ಭೀಮ್. ಹಿಂಡಿ ಖಾರ ಆಗತಿತ್ತೇನ?”

“ಇಲ್ರಿ, ಚಲೋ ಇರತಿತ್ತು.”

“ಅಥಣಿಯವರ ಮುಂದ ನನ್ನ ಮಾರಿ ಸಣ್ಣದಾತು, ಆ ಸಿಟ್ಟ ನನಗೈತಿ. ಅದು ಇರಲಿ. ಸಾಲಿ ಸುರು ಆದ ದಿನದಿಂದ ಎರಡ ಡಬ್ಬಿ ಕಟ್ಟತೀನಿ. ನಿಧಾನ ಹೊಡಿ ಅಂತ ಹೇಳ ಅಂವಗ.”

ರಜೆ ಮುಗಿದು ಶಾಲೆ ಶುರುವಾದ ದಿನ ಮಧ್ಯಾಹ್ನದ ಗಂಟೆ ಹೊಡೆಯಿತು. ಅವರು ಕಿಟಕಿಯ ಹತ್ತಿರ ಪೇಪರ್ ತಿದ್ದುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಇದ್ದರು. ಅಲ್ಲಿಯ ತನಕ ನೂರು ಸಲ ಕರೆದ ಹೆಸರು ಬಾಯಿಗೆ ಬಂದು ನಿಂತಿತು, ಹೊರಗೆ ಬರಲಿಲ್ಲ.

“ಏನ್ರಿ,” ಎಂದೆ. “ಡಬ್ಬಿ ಎಲ್ಲೈತ್ರಿ?”

ನೀಲಮ ಪುಸ್ತಕದಿಂದ ತಲೆ ಎತ್ತಿದಳು. ಅವರು ಎದ್ದು ಬಂದು ಎರಡು ಡಬ್ಬಿಗಳನ್ನು ನನ್ನ ಮೇಜಿನ ಮೇಲೆ ಇಟ್ಟರು, ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು. ಅವತ್ತು ಅವರಿಗೆ ಹಸಿವಾಗಿತ್ತು.