ಪೆನ್‌ರೋಸ್ ಅಂಕಲ್‌ರ ಸೆಂಚುರಿ

"ಅಮ್ಮಾ, ಪೆನ್‌ರೋಸ್ ಅಂಕಲ್ ನಾಳೆ ಸ್ಕೂಲಿಗೆ ಬರಬಾರ್ದು! ಹೇಗಾದ್ರೂ ತಡಿ!"

ಬ್ಯಾಗನ್ನು ಸೋಫಾದ ಮೇಲೆ ಎಸೆದ ಮೈಥಿಲಿ ಅಳುವುದೊಂದೇ ಬಾಕಿ. ಅಮ್ಮ ಲ್ಯಾಪ್‌ಟಾಪ್ ಮುಚ್ಚಿದಳು.

"ಯಾಕೆ? ಅವರ ಬಗ್ಗೆ ಕ್ಲಾಸಲ್ಲಿ ಟಾಕ್ ಕೊಟ್ಟವಳು ನೀನೇ ಅಲ್ವಾ?"

"ಅದಕ್ಕೇ! ಟೀಚರ್‌ಗೆ ಇಷ್ಟ ಆಗಿ ಅವರನ್ನೇ ಇನ್‌ವೈಟ್ ಮಾಡಿದಾರೆ."

ಅದು 2007. ಬ್ಯೂನಾ ವಿಸ್ಟಾ ಬಡಾವಣೆಯಲ್ಲಿ ಎಲ್ಲಿ ನೋಡಿದರೂ ಹೊಸ ಕಟ್ಟಡ, ಕ್ರೇನು. ಇಂಗ್ಲೆಂಡಿನ ಪೆನ್‌ರೋಸ್ ಅಂಕಲ್ ಮೈಥಿಲಿಯ ಕಾಂಡೋ ಅಪಾರ್ಟ್‌ಮೆಂಟಿನಲ್ಲೇ ಮಗಳ ಮನೆಯಲ್ಲಿದ್ದರು. ಹರೆಯದಲ್ಲಿ ಅವರು ಸಂಬಳವಿಲ್ಲದೆ, ಬರೀ ಆಸೆಗೆ ಕ್ರಿಕೆಟ್ ಆಡಿದವರು. ಆಮೇಲೆ ಚುನಾವಣೆಗೆ ನಿಂತು, ಎರಡು ಸಲ ಸೋತು, ಮೂರನೆಯ ಸಲ ಪಾರ್ಲಿಮೆಂಟಿಗೆ ಹೋದವರು. ಇದನ್ನೆಲ್ಲ ಅವರೇ ಹೇಳಿದ್ದರು. ಲಂಡನ್ನಿನ ದೊಡ್ಡ ಮ್ಯಾಚಿನಲ್ಲಿ ಎಷ್ಟು ಹೊಡೆದರೆಂದು ಮಾತ್ರ ಹೇಳಿರಲಿಲ್ಲ. ಟಾಕ್ ನಡುವೆ ಕ್ಲಾಸಿನ ಅಜಯ್ ಅದನ್ನೇ ಕೇಳಿದಾಗ, ಮೈಥಿಲಿಯ ಬಾಯಿಂದ "ಸೆಂಚುರಿ!" ಎಂದು ಜಾರಿಬಿಟ್ಟಿತ್ತು. ಇಡೀ ಕ್ಲಾಸು ಚಪ್ಪಾಳೆ ತಟ್ಟಿತ್ತು.

"ಈಗ್ಲೇ ಹೋಗಿ ಅಂಕಲ್‌ಗೆ ಹೇಳ್ಬಿಡು. ನಾನೂ ಬರ್ಲಾ?" ಎಂದಳು ಎಲ್ಲ ಕೇಳಿದ ಅಮ್ಮ.

"ಬೇಡ," ಎಂದಳು ಮೈಥಿಲಿ.

ಅಂಕಲ್ ಬಾಗಿಲು ತೆರೆದದ್ದೇ ತಡ, ಒಂದೇ ಉಸಿರಿನಲ್ಲಿ ಎಲ್ಲ ಹೇಳಿದಳು. ಅವರ ಬಿಳಿ ಹುಬ್ಬು ಮೇಲೇರಿತು.

"ಸೆಂಚುರಿಯಾ? ಮೊದಲ ಬಾಲಿಗೇ ಔಟಾದೆ ಕಣಮ್ಮಾ! ಸೊನ್ನೆ! ನೋಡೋಕೆ ಬಂದಿದ್ದ ನಮ್ಮಪ್ಪ ಟೋಪಿ ತೆಗೆಯೋಷ್ಟರಲ್ಲಿ ನಾನು ವಾಪಸ್ ಬರ್ತಿದ್ದೆ!"

ಅವರು ಕೆಮ್ಮು ಬರುವಷ್ಟು ನಕ್ಕರು. ಮೈಥಿಲಿಗೆ ನಗು ಬರಲಿಲ್ಲ.

"ಕೋಪ ಇಲ್ವಾ ಅಂಕಲ್?"

"ನಾನೂ ಒಂದ್ಸಲ ಚಪ್ಪಾಳೆ ಆಸೆಗೆ, ಒಂದು ಹಾಲ್‌ನಲ್ಲಿ ಚುನಾವಣೆ ಭಾಷಣ ಮಾಡ್ತಾ, 'ನಿಮ್ಮೂರಿಗೆ ಬಸ್ಸು ಬಂದೇ ಬರುತ್ತೆ' ಅಂದಿದ್ದೆ. ಬರಲಿಲ್ಲ. ಅದೇ ಹಾಲ್‌ಗೆ ಹೋಗಿ ಒಪ್ಕೊಂಡೆ. ಕಾಲು ಗಡಗಡ ನಡುಗ್ತಿತ್ತು."

"ಜನ ಏನಂದ್ರು?"

"ಚೆನ್ನಾಗಿ ಬೈದರು. ಆಮೇಲೆ ಒಬ್ಬ ಅಜ್ಜಿ, ಮೊದಲು ಕೂತ್ಕೋ ಅಂತ ಕುರ್ಚಿ ಕೊಟ್ಟರು."

ಮರುದಿನ ಕ್ಲಾಸಿನಲ್ಲಿ ಅಂಕಲ್ ಬಾಯಿ ತೆರೆಯುವ ಮೊದಲೇ ಮೈಥಿಲಿ ಎದ್ದು ನಿಂತಳು.

"ಅಂಕಲ್ ಸೆಂಚುರಿ ಹೊಡೆದಿಲ್ಲ. ನಾನೇ ಸುಳ್ಳು ಹೇಳಿದೆ. ಸಾರಿ."



"ಚೀಟಿಂಗ್ ಲಾ!" ಎಂದ ಅಜಯ್. ತಕ್ಷಣವೇ, "ಹಾಗಾದ್ರೆ ನಿಜವಾಗ್ಲೂ ಎಷ್ಟು?" ಎಂದು ಕೇಳಿದ.

ಅಂಕಲ್ ಎರಡು ಬೆರಳು ಕೂಡಿಸಿ ಸೊನ್ನೆ ತೋರಿಸಿದರು. ಟೀಚರ್ ಕೂಡ ನಕ್ಕುಬಿಟ್ಟರು. ಸ್ಕೇಲನ್ನೇ ಬ್ಯಾಟಿನಂತೆ ಹಿಡಿದು, ಬಾಲ್ ಹೇಗೆ ಒಳಗೆ ನುಗ್ಗಿತೆಂದು ಅಂಕಲ್ ತೋರಿಸಿದರು. ಎಲ್ಲ ಕಡೆಯಿಂದ ಕೈಗಳು ಮೇಲೆದ್ದವು. ಅಳು ಬಂತಾ? ಅಪ್ಪ ಏನಂದ್ರು? ಮತ್ತೆ ಆಡಿದ್ರಾ?

ರಿಸೆಸ್ ಬೆಲ್ ಹೊಡೆಯಿತು. ಯಾರೂ ಏಳಲಿಲ್ಲ. ಸೆಂಚುರಿ ಅಂದ ದಿನ ಎಲ್ಲರೂ ಚಪ್ಪಾಳೆ ತಟ್ಟಿ ಸುಮ್ಮನಾಗಿದ್ದರು. ಒಬ್ಬರೂ ಮುಂದೆ ಏನನ್ನೂ ಕೇಳಿರಲಿಲ್ಲ ಎಂಬುದು ಮೈಥಿಲಿಗೆ ಆಗ ಹೊಳೆಯಿತು.

ಅವಳೂ ಕೈ ಎತ್ತಿದಳು.